ಅಮೆರಿಕದಲ್ಲಿ ಪ್ರಿ-ಮೆಡ್: ಕೈಯಲ್ಲಿರುವ ಎರಡು ಪ್ರವೇಶಪತ್ರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಮಾರ್ಚ್ ಕೊನೆಯ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ಉತ್ತರಗಳು ಬಹುತೇಕ ಬಂದಿರುತ್ತವೆ. ಮೇ 1ರೊಳಗೆ ಯಾವುದಾದರೂ ಒಂದಕ್ಕೆ ಹೂಂ ಎಂದು ಮುಂಗಡ ಕಟ್ಟಬೇಕು. ಡಾಕ್ಟರಾಗಬೇಕೆಂದಿರುವ ಮಕ್ಕಳ ಮನೆಯಲ್ಲಿ ಕೊನೆಗೆ ಉಳಿಯುವ ಎರಡು ಹೆಸರುಗಳ ಚಹರೆ ಹೆಚ್ಚುಕಡಿಮೆ ಒಂದೇ: ದೊಡ್ಡ ಹೆಸರಿನ ದುಬಾರಿ ಖಾಸಗಿ ವಿಶ್ವವಿದ್ಯಾಲಯ ಒಂದು, ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಇನ್ನೊಂದು. ಆ ಒಂದು ತಿಂಗಳಲ್ಲಿ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್ ಸೇರುವ ಪದ್ಧತಿ ಗೊತ್ತಿರುವವರು ಪ್ರಿ-ಮೆಡ್ ಎಂದರೆ ಒಂದು ಕೋರ್ಸು, ಅದಕ್ಕೊಂದು ಸೀಟು ಇರುತ್ತದೆ ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ನಾಲ್ಕು ವರ್ಷದ ಯಾವುದೇ ಪದವಿ ಓದುತ್ತಾ ಮೆಡಿಕಲ್ ಸ್ಕೂಲು ಕೇಳುವ ವಿಷಯಗಳನ್ನು ಮುಗಿಸಿ, ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆದು, ಹೊಸದಾಗಿ ಅರ್ಜಿ ಹಾಕುವ ದಾರಿಗೆ ಇಟ್ಟ ಹೆಸರು ಅದು. ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ ಪಿಎಲ್‌ಎಂಇಯಂಥ ನೇರ ಪ್ರವೇಶದ ಕಾರ್ಯಕ್ರಮಗಳು ಕೈಬೆರಳೆಣಿಕೆಯವು. ಅಂಥದ್ದು ಸಿಕ್ಕಿದ್ದರೆ ನಿಮ್ಮ ಲೆಕ್ಕವೇ ಬೇರೆ. ಉಳಿದವರೆಲ್ಲ ನಾಲ್ಕು ವರ್ಷದ ನಂತರ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆ ಸಾಲಿನಲ್ಲಿ ಸುಮಾರು 52 ಸಾವಿರ ಜನ ನಿಂತರೆ ಎಂಡಿ ಕಾಲೇಜು (ಅಮೆರಿಕದಲ್ಲಿ ಎಂಡಿ ಎಂದರೆ ಡಾಕ್ಟರಾಗಲು ಓದುವ ಮೊದಲ ವೈದ್ಯಕೀಯ ಪದವಿಯೇ) ಸೇರಿದವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ, ಅಂದರೆ ಪದವಿಯ ಎಲ್ಲ ಕೋರ್ಸುಗಳ ಸರಾಸರಿ ಅಂಕ, 4ಕ್ಕೆ 3.77ರ ಆಸುಪಾಸು, ಎಂಕ್ಯಾಟ್ 528ಕ್ಕೆ 511ಕ್ಕಿಂತ ತುಸು ಮೇಲೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನೀವು ಯಾವ ಕ್ಯಾಂಪಸ್ಸಿನಿಂದ ಇಂಥ ಅಂಕಗಳ ಜೊತೆ, ಕಡಿಮೆ ಸಾಲ ಹೊತ್ತು ಹೊರಬರುವ ಸಾಧ್ಯತೆ ಹೆಚ್ಚು?

ಹಂತ 1: ವೀಸಾ ಮತ್ತು ರಾಜ್ಯದ ಲೆಕ್ಕ

ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಈ ಹಂತದ ಮೊದಲ ಭಾಗ ಬಿಟ್ಟು ಮುಂದೆ ಹೋಗಿ. ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಯ ಮನೆಯವರಿಗೆ ಕೊಡುವ ವೀಸಾ) ಮೇಲಿದ್ದರೆ ಎಲ್ಲಕ್ಕಿಂತ ಮೊದಲು ಇದನ್ನೇ ಬಗೆಹರಿಸಿಕೊಳ್ಳಬೇಕು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಅಂದರೆ ಪದವಿಯ ಮೂರನೇ ಅಥವಾ ನಾಲ್ಕನೇ ವರ್ಷದಲ್ಲಿ. ಆಗ ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಆದ ಎಫ್-1ಕ್ಕೆ ಬದಲಾಗಬೇಕಾಗುತ್ತದೆ. ಬದಲಾದ ಮೇಲೂ ರಾಜ್ಯದವರ ಶುಲ್ಕವೇ ಮುಂದುವರಿಯುತ್ತದೆಯೇ ಎಂಬುದು ಆಯಾ ರಾಜ್ಯದ ನಿಯಮಕ್ಕೆ ಬಿಟ್ಟದ್ದು. ಎರಡೂ ಕಡೆಯ ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ, ಫೋನಿನಲ್ಲಿ ಕೇಳಿದ ಮಾತು ಸಾಲದು.

ಇದಕ್ಕಿಂತ ಕಠಿಣವಾದದ್ದು ಮುಂದಿದೆ. ವೀಸಾದ ಮೇಲಿರುವ ಅಭ್ಯರ್ಥಿಗಳ ಅರ್ಜಿಯನ್ನು ಅನೇಕ ಎಂಡಿ ಕಾಲೇಜುಗಳು ನೋಡುವುದೇ ಇಲ್ಲ. ನೋಡುವ ಕೆಲವು ಕಾಲೇಜುಗಳು ಒಂದರಿಂದ ನಾಲ್ಕು ವರ್ಷದ ಶುಲ್ಕವನ್ನು ಮೊದಲೇ ಠೇವಣಿ ಇಡಿ ಎನ್ನುತ್ತವೆ. ಫೆಡರಲ್ (ಕೇಂದ್ರ ಸರ್ಕಾರದ) ಸಾಲವೂ ಇಲ್ಲ. ಗ್ರೀನ್ ಕಾರ್ಡ್ ಯಾವಾಗ ಬಂದೀತೆಂಬ ಅಂದಾಜಿಲ್ಲದ ಮನೆ ಪದವಿಗೇ ಉಳಿತಾಯವನ್ನೆಲ್ಲ ಖಾಲಿ ಮಾಡುವುದು ಅಪಾಯ. ಅಂಥವರು ಅಗ್ಗದ ಆಯ್ಕೆಯನ್ನು ಬಿಡಲು ತುಂಬ ಬಲವಾದ ಕಾರಣ ಬೇಕು.

ಇನ್ನು ರಾಜ್ಯದ ಮಾತು. ಸರ್ಕಾರಿ ಮೆಡಿಕಲ್ ಸ್ಕೂಲುಗಳು ತಮ್ಮ ರಾಜ್ಯದವರಿಗೆ ಆದ್ಯತೆ ಕೊಡುತ್ತವೆ. ಟೆಕ್ಸಸ್‌ನಲ್ಲಿ ಹೊರರಾಜ್ಯದವರಿಗೆ ಶೇ. 10ರ ಮಿತಿಯಿದೆ, ಅಲ್ಲಿನ ಸರ್ಕಾರಿ ಕಾಲೇಜುಗಳಿಗೆ ಅರ್ಜಿ ಹಾಕುವ ವ್ಯವಸ್ಥೆಯೂ ಬೇರೆ. ಆದರೆ ಪದವಿಗೆಂದು ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ನೀವು ಆ ರಾಜ್ಯದವರಾಗುವುದಿಲ್ಲ. ಅವಲಂಬಿತ ವಿದ್ಯಾರ್ಥಿಯ ರಾಜ್ಯ ಸಾಮಾನ್ಯವಾಗಿ ತಂದೆತಾಯಿ ನೆಲೆಸಿರುವ ರಾಜ್ಯವೇ. ಹಾಗಾಗಿ ‘ಅಲ್ಲಿ ಓದಿದರೆ ಅಲ್ಲಿನ ಮೆಡಿಕಲ್ ಸ್ಕೂಲು ಸುಲಭ’ ಎಂಬ ತರ್ಕದ ಮೇಲೆ ಹೊರರಾಜ್ಯದ ಶುಲ್ಕ ಕಟ್ಟಲು ಹೊರಡಬೇಡಿ.

ಹಂತ 2: ಹಣ, ಎಂಟು ವರ್ಷಕ್ಕೆ

ಎರಡೂ ಕಡೆಯಿಂದ ಬಂದ ಹಣಕಾಸು ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಡಿ. ಒಟ್ಟು ಖರ್ಚಿನಿಂದ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಸಾಲವನ್ನೂ ವರ್ಕ್-ಸ್ಟಡಿಯನ್ನೂ (ಓದುತ್ತಾ ದುಡಿದು ಗಳಿಸುವ ಹಣ) ಕಳೆಯಬೇಡಿ. ಪತ್ರದಲ್ಲಿ ಎಲ್ಲವನ್ನೂ ‘ನೆರವು’ ಎಂಬ ಒಂದೇ ತಲೆಬರಹದ ಕೆಳಗೆ ಕೂಡಿಸಿ ತೋರಿಸಿರುತ್ತಾರೆ, ಮೋಸ ಹೋಗುವುದು ಅಲ್ಲೇ. ಬಂದ ಮೊತ್ತಕ್ಕೆ ವರ್ಷಕ್ಕೆ ಶೇ. 4ರಂತೆ ಏರಿಕೆ ಹಾಕಿ. ಮೊದಲ ವರ್ಷ 40,000 ಡಾಲರ್ ಇದ್ದದ್ದು ನಾಲ್ಕನೇ ವರ್ಷಕ್ಕೆ ಸುಮಾರು 45,000 ಆಗುತ್ತದೆ.

ಸ್ಕಾಲರ್‌ಶಿಪ್ ಇದ್ದರೆ ಅದರ ನವೀಕರಣದ ಷರತ್ತನ್ನು ಹುಡುಕಿ ಓದಿ. 3.5 ಜಿಪಿಎ ಉಳಿಸಿಕೊಳ್ಳಬೇಕು ಎಂದಿದ್ದರೆ, ಮೊದಲ ಸೆಮಿಸ್ಟರಿನ ರಸಾಯನಶಾಸ್ತ್ರ ಮತ್ತು ಕ್ಯಾಲ್ಕುಲಸ್ ಎರಡೂ ಕೈಕೊಟ್ಟರೆ ಹಣವೂ ಹೋಗುತ್ತದೆ. ಅಂಕ ಸುಧಾರಿಸಿಕೊಳ್ಳಲು ಒಂದು ಸೆಮಿಸ್ಟರ್ ಅವಕಾಶ ಕೊಡುತ್ತಾರೆಯೇ, ಒಮ್ಮೆ ಕಳೆದುಕೊಂಡದ್ದನ್ನು ಮರಳಿ ಪಡೆಯಬಹುದೇ ಎಂದು ಕೇಳಿ.

ಈಗ ಮುಂದಿನ ನಾಲ್ಕು ವರ್ಷ ಸೇರಿಸಿ. 2025ರ ಜುಲೈನಲ್ಲಿ ಬಂದ ಕಾನೂನು ಈ ಲೆಕ್ಕವನ್ನೇ ಬದಲಿಸಿಬಿಟ್ಟಿದೆ. ಮೊದಲು ಗ್ರಾಜುಯೇಟ್ ಪ್ಲಸ್ ಎಂಬ ಫೆಡರಲ್ ಸಾಲದಿಂದ ಮೆಡಿಕಲ್ ಸ್ಕೂಲಿನ ಪೂರ್ತಿ ಖರ್ಚು ತೂಗಿಸಬಹುದಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅದು ಇಲ್ಲ. ವೈದ್ಯಕೀಯ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಪದವಿಯ ಹಂತದಲ್ಲಿ ತಂದೆತಾಯಿ ಪಡೆಯುವ ಪೇರೆಂಟ್ ಪ್ಲಸ್ ಸಾಲಕ್ಕೂ ಒಬ್ಬ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಬಂದಿದೆ. ಇತ್ತ ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಒಟ್ಟು ಖರ್ಚು ಮೂರೂವರೆ ಲಕ್ಷ ಡಾಲರ್ ದಾಟುವುದು ಸಾಮಾನ್ಯ. ನಡುವಿನ ಅಂತರ ತುಂಬಬೇಕಾದದ್ದು ಮನೆಯ ಉಳಿತಾಯ ಅಥವಾ ಖಾಸಗಿ ಬ್ಯಾಂಕಿನ ಸಾಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ನೆರವು ಕಳೆದ ಮೇಲೆ ಒಂದು ಕಡೆ ವರ್ಷಕ್ಕೆ 34,000, ಇನ್ನೊಂದು ಕಡೆ 90,000. ಏರಿಕೆ ಬಿಟ್ಟರೂ ನಾಲ್ಕು ವರ್ಷಕ್ಕೆ ವ್ಯತ್ಯಾಸ 2,24,000 ಡಾಲರ್. ಮೆಡಿಕಲ್ ಸ್ಕೂಲಿಗೆ ಸರ್ಕಾರ ಕೊಡುವ ಇಡೀ ಸಾಲಕ್ಕಿಂತ ಇದೇ ದೊಡ್ಡದು. ಪದವಿಯ ಹೆಸರಿಗೆ ಅಷ್ಟು ಕೊಟ್ಟ ಮನೆ ಎಂಡಿಯ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು 2018ರಿಂದ ಶುಲ್ಕ ತೆಗೆದುಕೊಳ್ಳುತ್ತಿಲ್ಲ, 2024ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜೂ ಆ ದಾರಿ ಹಿಡಿಯಿತು, ನಿಜ. ಆದರೆ ಅಲ್ಲಿ ಸೀಟು ಸಿಕ್ಕೀತೆಂದು ನಂಬಿ ಈಗಲೇ ಖರ್ಚು ಮಾಡುವುದು ಯೋಜನೆ ಎನಿಸಿಕೊಳ್ಳುವುದಿಲ್ಲ.

ದುಬಾರಿ ಕಡೆಗೇ ಮನಸ್ಸಿದ್ದರೆ ಏಪ್ರಿಲ್ ಮೊದಲ ವಾರದಲ್ಲೇ ನೆರವಿನ ಮರುಪರಿಶೀಲನೆಗೆ ಬರೆಯಿರಿ. ಇನ್ನೊಂದು ವಿಶ್ವವಿದ್ಯಾಲಯದ ಪತ್ರ, ಕೆಲಸ ಹೋದದ್ದು, ವೈದ್ಯಕೀಯ ಖರ್ಚು, ಇನ್ನೊಂದು ಮಗುವಿನ ಕಾಲೇಜು, ಇವುಗಳ ದಾಖಲೆ ಲಗತ್ತಿಸಿ. ಕೊನೆಯ ವಾರಕ್ಕೆ ಬಿಟ್ಟರೆ ಉತ್ತರ ಬರುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ.

ಹಂತ 3: ಅಂಕಗಳು ಎಲ್ಲಿ ಹೆಚ್ಚು ಸುರಕ್ಷಿತ?

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬಹುತೇಕ ಎಂಡಿ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಅದು ನಿಮ್ಮ ಅಂಕಗಳನ್ನು ತನ್ನದೇ ಅಳತೆಗೆ ಇಳಿಸುತ್ತದೆ: ಎ ಅಂದರೆ 4.0, ಎ-ಮೈನಸ್ 3.7, ಬಿ-ಪ್ಲಸ್ 3.3, ಬಿ ಅಂದರೆ 3.0. ಎ-ಪ್ಲಸ್‌ಗೆ ಹೆಚ್ಚೇನೂ ಸಿಗದು, ಅದೂ 4.0. ಜೀವಶಾಸ್ತ್ರ, ರಸಾಯನ, ಭೌತಶಾಸ್ತ್ರ, ಗಣಿತ ಸೇರಿಸಿ ವಿಜ್ಞಾನದ ಜಿಪಿಎ ಬೇರೆಯಾಗಿ ಲೆಕ್ಕ ಹಾಕುತ್ತದೆ. ಫೇಲಾದ ವಿಷಯವನ್ನು ಮತ್ತೆ ತೆಗೆದುಕೊಂಡು ಎ ಗಳಿಸಿದರೂ ಹಳೆಯ ಅಂಕ ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಕೋರ್ಸಿನ ಅಂಕವೂ ಸೇರುತ್ತದೆ, ಎಷ್ಟೋ ಜನ ಇದನ್ನು ಮರೆತಿರುತ್ತಾರೆ.

ಒಂದು ಲೆಕ್ಕ ನೋಡಿ. ವಿಜ್ಞಾನದ ಒಟ್ಟು 60 ಕ್ರೆಡಿಟ್ ಇದೆಯೆನ್ನಿ. ಅದರಲ್ಲಿ ಸಾಮಾನ್ಯ ರಸಾಯನದ ಎರಡು, ಆರ್ಗ್ಯಾನಿಕ್ ರಸಾಯನದ ಎರಡು ಸೆಮಿಸ್ಟರ್ ಸೇರಿ 16 ಕ್ರೆಡಿಟ್. ಈ ನಾಲ್ಕರಲ್ಲಿ ಎ ಬದಲು ಬಿ ಬಂದರೆ 16 ಅಂಶ ಹೋಯಿತು, 60ರಿಂದ ಭಾಗಿಸಿದರೆ 0.27. ಅಂದರೆ 3.8 ಇರಬೇಕಾದದ್ದು 3.53. ನಾಲ್ಕೇ ಕೋರ್ಸಿನ ಪರಿಣಾಮ ಇದು. ಎರಡು ಕ್ಯಾಂಪಸ್ಸುಗಳಲ್ಲಿ ಈ ನಾಲ್ಕು ಕೋರ್ಸು ಹೇಗೆ ನಡೆಯುತ್ತವೆ ಎಂಬ ವಿವರ ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಸಿಗುವುದಿಲ್ಲ.

ಅದನ್ನು ಹುಡುಕುವ ದಾರಿಗಳಿವೆ. ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಕೋರ್ಸುವಾರು ಅಂಕ ಹಂಚಿಕೆಯನ್ನು ಪ್ರಕಟಿಸುತ್ತವೆ. ಆರ್ಗ್ಯಾನಿಕ್‌ನಲ್ಲಿ ಶೇಕಡ ಎಷ್ಟು ಜನರಿಗೆ ಎ ಶ್ರೇಣಿ, ಎಷ್ಟು ಜನ ನಡುವೆ ಕೈಬಿಟ್ಟರು ಎಂದು ನೋಡಿ. ಖಾಸಗಿಯವರು ಸಾಮಾನ್ಯವಾಗಿ ಕೊಡುವುದಿಲ್ಲ, ಅಲ್ಲಿ ಎರಡನೇ, ಮೂರನೇ ವರ್ಷದ ಪ್ರಿ-ಮೆಡ್ ವಿದ್ಯಾರ್ಥಿಗಳನ್ನೇ ಕೇಳಬೇಕು. ‘ಕಷ್ಟವೇ?’ ಎಂದು ಕೇಳಿದರೆ ಪ್ರಯೋಜನವಿಲ್ಲ, ಎಲ್ಲರೂ ಹೌದು ಎನ್ನುತ್ತಾರೆ. ಹೀಗೆ ಕೇಳಿ: ಕಳೆದ ಪರೀಕ್ಷೆಯ ಸರಾಸರಿ ಎಷ್ಟಿತ್ತು? ಆ ಸರಾಸರಿಗೆ ಯಾವ ಗ್ರೇಡ್ ಬಂತು? ಎ ಪಡೆಯುವವರ ಸಂಖ್ಯೆಗೆ ಮಿತಿ ಇದೆಯೇ? ಸರಾಸರಿಗೆ ಬಿ-ಪ್ಲಸ್ ಕೊಡುವ ಕಡೆಗೂ ಬಿ-ಮೈನಸ್ ಕೊಡುವ ಕಡೆಗೂ ಅಜಗಜಾಂತರ. ಪ್ರಿನ್ಸ್‌ಟನ್ 2004ರಲ್ಲಿ ಎ ಶ್ರೇಣಿಯನ್ನು ಶೇ. 35ರ ಆಸುಪಾಸಿಗೆ ಇಳಿಸುವ ಗುರಿ ಇಟ್ಟುಕೊಂಡು 2014ರಲ್ಲಿ ಕೈಬಿಟ್ಟಿತು. ವಿದ್ಯಾರ್ಥಿಗಳ ಆತಂಕವೇ ಅದಕ್ಕೆ ದೊಡ್ಡ ಕಾರಣ. ಆಮ್‌ಕಾಸ್ ಲೆಕ್ಕದಲ್ಲಿ ‘ಕಠಿಣ ಕಾಲೇಜು’ ಎಂಬ ರಿಯಾಯಿತಿ ಅಂಕ ಇಲ್ಲ. ಅರ್ಜಿ ಓದುವ ವ್ಯಕ್ತಿ ಸ್ವಲ್ಪ ಉದಾರವಾಗಿ ನೋಡಬಹುದು, ಆದರೆ 3.5 ಅನ್ನು 3.8 ಎಂದು ಓದುವಷ್ಟಲ್ಲ.

ಕ್ವಾರ್ಟರ್ ಪದ್ಧತಿಯೋ ಸೆಮಿಸ್ಟರೋ ಎಂಬುದನ್ನೂ ಗಮನಿಸಿ. ಯುಸಿಎಲ್‌ಎ ಕ್ವಾರ್ಟರಿನಲ್ಲಿ ನಡೆಯುತ್ತದೆ, ಬರ್ಕ್ಲಿ ಸೆಮಿಸ್ಟರಿನಲ್ಲಿ. ಕ್ವಾರ್ಟರೆಂದರೆ ಸುಮಾರು ಹತ್ತು ವಾರ, ಮೂರು ಅಥವಾ ನಾಲ್ಕನೇ ವಾರಕ್ಕೇ ಮೊದಲ ಪರೀಕ್ಷೆ. ಒಂದು ವಾರ ಜ್ವರದಲ್ಲಿ ಮಲಗಿದರೆ ಚೇತರಿಸಿಕೊಳ್ಳಲು ಜಾಗ ಕಡಿಮೆ. ನಿಧಾನವಾಗಿ ಬಿಸಿಯಾಗುವ ವಿದ್ಯಾರ್ಥಿಗೆ ಸೆಮಿಸ್ಟರ್ ವಾಸಿ. ಒಂದು ಕೋರ್ಸು ಕೆಟ್ಟರೂ ಕಡಿಮೆ ಕ್ರೆಡಿಟ್ ಹೋಗಲಿ ಎನ್ನುವವರಿಗೆ ಕ್ವಾರ್ಟರ್ ಒಗ್ಗಬಹುದು.

ಹಂತ 4: ನಾಲ್ಕು ವರ್ಷದ ಕೋರ್ಸುಗಳನ್ನು ಕಾಗದದ ಮೇಲೆ ಜೋಡಿಸಿ

ಬೇಕಾದದ್ದು ಇಷ್ಟು: ಲ್ಯಾಬ್ ಸಹಿತ ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನ, ಆರ್ಗ್ಯಾನಿಕ್, ಭೌತಶಾಸ್ತ್ರ, ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ, ಸಂಖ್ಯಾಶಾಸ್ತ್ರ, ಬರವಣಿಗೆಯ ಕೋರ್ಸು, 2015ರಿಂದ ಎಂಕ್ಯಾಟ್‌ಗೆ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರವೂ. ಕಾಲೇಜಿನಿಂದ ಕಾಲೇಜಿಗೆ ತುಸು ಹೆಚ್ಚುಕಡಿಮೆ ಇರುತ್ತದೆ. ಎಂಕ್ಯಾಟ್ ನಾಲ್ಕು ಭಾಗ, 230 ಪ್ರಶ್ನೆ, ವಿರಾಮ ಸೇರಿ ಸುಮಾರು ಏಳೂವರೆ ಗಂಟೆ. ಅಂಕ 472ರಿಂದ 528.

ಎರಡೂ ವಿಶ್ವವಿದ್ಯಾಲಯಗಳ ಕೋರ್ಸ್ ವೇಳಾಪಟ್ಟಿ ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ತೆರೆದು ಮೂರು ವಿಷಯ ನೋಡಿ. ಆರ್ಗ್ಯಾನಿಕ್‌ನ ಮೊದಲ ಭಾಗ ವರ್ಷಕ್ಕೆ ಎಷ್ಟು ಸಲ ನಡೆಯುತ್ತದೆ? ಒಂದೇ ಸಲವಾದರೆ, ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ (ಯಾವ ಹಂತದ ಕೋರ್ಸಿನಿಂದ ಶುರು ಮಾಡಬೇಕೆಂದು ನಿರ್ಧರಿಸುವ ಪರೀಕ್ಷೆ) ಎಡವಿ ಸಾಮಾನ್ಯ ರಸಾಯನ ಒಂದು ಸೆಮಿಸ್ಟರ್ ತಡವಾದವರು ಪೂರ್ತಿ ಒಂದು ವರ್ಷ ಹಿಂದೆ ಬೀಳುತ್ತಾರೆ. ಬಯೋಕೆಮಿಸ್ಟ್ರಿ ತಡವಾದರೆ ಎಂಕ್ಯಾಟ್ ತಡ, ಎಂಕ್ಯಾಟ್ ತಡವಾದರೆ ಮೇ-ಜೂನ್‌ನಲ್ಲಿ ಹಾಕಬೇಕಾದ ಅರ್ಜಿಯೂ ತಡ. ಎರಡನೆಯದು, ಸೀಟುಗಳು ತುಂಬಿ ಕಾಯುವ ಪಟ್ಟಿ ಬೆಳೆದಿದೆಯೇ, ಬೇರೆ ಮೇಜರಿನವರಿಗೆ (ಪದವಿಯ ಮುಖ್ಯ ವಿಷಯ ಬೇರೆ ಇರುವವರಿಗೆ) ಪ್ರವೇಶವಿದೆಯೇ. ಆನರ್ಸ್ ಕಾಲೇಜು (ಆಯ್ದ ವಿದ್ಯಾರ್ಥಿಗಳಿಗಿರುವ ವಿಶೇಷ ವಿಭಾಗ) ಕೊಟ್ಟಿದ್ದರೆ ಅದರ ನಿಜವಾದ ಬೆಲೆ ಮೊದಲೇ ನೋಂದಣಿ ಮಾಡಿಕೊಳ್ಳುವ ಹಕ್ಕಿನಲ್ಲಿದೆ, ಬ್ರೋಷರಿನ ಉಳಿದ ಮಾತುಗಳಿಗೆ ಅಷ್ಟು ತೂಕವಿಲ್ಲ. ಮೂರನೆಯದು, ಲ್ಯಾಬ್ ವೇಳೆ: ಮಧ್ಯಾಹ್ನದ ಹೊತ್ತು ನಾಲ್ಕು ಗಂಟೆ ಹಿಡಿಯುವ ಎರಡು ಲ್ಯಾಬ್ ಬಂದರೆ ಆ ವಾರ ಆಸ್ಪತ್ರೆಗೆ ಹೋಗುವ ಸಮಯವಿಲ್ಲ.

ಎಪಿ ಕ್ರೆಡಿಟ್ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ, ಪರೀಕ್ಷೆ ಬರೆದು ಗಳಿಸುವ ಕ್ರೆಡಿಟ್) ಬಗ್ಗೆ ಒಂದು ಎಚ್ಚರಿಕೆ. ವಿಶ್ವವಿದ್ಯಾಲಯ ಒಪ್ಪಿತೆಂದು ಸಾಮಾನ್ಯ ರಸಾಯನ ಬಿಟ್ಟುಬಿಟ್ಟರೆ, ಕೆಲವು ಮೆಡಿಕಲ್ ಸ್ಕೂಲುಗಳು ಎಪಿಯನ್ನು ಒಪ್ಪುವುದಿಲ್ಲ, ಇನ್ನು ಕೆಲವು ಅದರ ಬದಲು ಮೇಲಿನ ಹಂತದ ಕೋರ್ಸು ಕೇಳುತ್ತವೆ. ಜೊತೆಗೆ ಸುಲಭವಾಗಿ ಸಿಗಬಹುದಾಗಿದ್ದ ಎರಡು ಎ ಕೂಡ ತಪ್ಪುತ್ತವೆ.

ಮೇಜರ್ ಯಾವುದಾದರೂ ಆದೀತು. ಆದರೆ ವೈದ್ಯಕೀಯ ಬೇಡವೆನಿಸಿದರೆ, ಹಾಗೆನಿಸುವವರೇನು ಕಡಿಮೆಯಿಲ್ಲ, ಆ ಕ್ಯಾಂಪಸ್ಸಿನಲ್ಲಿ ಬೇರೆ ಯಾವ ದಾರಿ ತೆರೆದಿದೆ ಎಂದು ನೋಡಿ. ಕಂಪ್ಯೂಟರ್ ಸೈನ್ಸ್ ಅಥವಾ ನರ್ಸಿಂಗ್‌ಗೆ ಒಳಗಿನಿಂದ ಬದಲಾಯಿಸಿಕೊಳ್ಳುವುದು ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಅಸಾಧ್ಯ. ದೊಡ್ಡ ಹೆಸರಿಗೆ ನಿಜವಾಗಿ ಬೆಲೆ ಬರುವುದು ಇಂಥ ಸಂದರ್ಭದಲ್ಲಿ: ನಿಮಗೇ ವೈದ್ಯಕೀಯದ ಬಗ್ಗೆ ಅರ್ಧ ಮನಸ್ಸಿದ್ದರೆ ಈ ಅಂಶಕ್ಕೆ ಹೆಚ್ಚು ತೂಕ ಕೊಡಿ.

ಹಂತ 5: ‘ಶೇ. 85 ಪ್ರವೇಶ’ ಎಂಬ ಮಾತನ್ನು ಬಿಡಿಸಿ ನೋಡಿ

ದೇಶದಾದ್ಯಂತ ಅರ್ಜಿ ಹಾಕಿದವರಲ್ಲಿ ಶೇ. 44ರಷ್ಟು ಜನ ಮಾತ್ರ ಎಂಡಿ ಸೇರುವಾಗ ಒಂದು ವಿಶ್ವವಿದ್ಯಾಲಯ ನಮ್ಮಲ್ಲಿ ಶೇ. 85 ಎಂದರೆ ಛೇದ ಎಲ್ಲಿಂದ ಬಂತೆಂದು ಕೇಳಲೇಬೇಕು. 400 ಜನ ಮೊದಲ ವರ್ಷ ಪ್ರಿ-ಮೆಡ್ ಎಂದು ಬಂದರೆನ್ನಿ. ಅಂಕ ಸಾಲದೆ, ಮನಸ್ಸು ಬದಲಾಗಿ, ವಿಶ್ವವಿದ್ಯಾಲಯದ ಸಮಿತಿಯ ಶಿಫಾರಸು ಪತ್ರ ಸಿಗದೆ, ಕೊನೆಗೆ ಅರ್ಜಿ ಹಾಕಿದವರು 80. ಸೀಟು ಸಿಕ್ಕಿದ್ದು 68 ಜನರಿಗೆ. 80ರಲ್ಲಿ 68 ಅಂದರೆ ಶೇ. 85, 400ರಲ್ಲಿ ಶೇ. 17. ಎರಡೂ ಸತ್ಯವೇ, ಬ್ರೋಷರಿನಲ್ಲಿ ಅಚ್ಚಾಗುವುದು ಮೊದಲನೆಯದು.

ಸಲಹಾ ಕಚೇರಿಗೆ ಕೇಳಬೇಕಾದವು: ಈ ಸಂಖ್ಯೆಯಲ್ಲಿ ಎಂಡಿ ಮಾತ್ರವೇ, ದಂತವೈದ್ಯಕೀಯ, ಆಸ್ಟಿಯೋಪತಿ (ಡಾಕ್ಟರಾಗಲು ಅಮೆರಿಕದಲ್ಲಿರುವ ಇನ್ನೊಂದು ಪದವಿ), ವಿದೇಶದ ಕಾಲೇಜುಗಳೂ ಸೇರಿವೆಯೇ? ಎರಡನೇ ಬಾರಿ ಅರ್ಜಿ ಹಾಕಿದವರು ಸೇರಿದ್ದಾರೆಯೇ? ಸೀಟು ಸಿಕ್ಕವರ ಸರಾಸರಿ ಜಿಪಿಎ, ಎಂಕ್ಯಾಟ್ ಎಷ್ಟು? 3.5 ಜಿಪಿಎಯವರಲ್ಲಿ ಎಷ್ಟು ಜನರಿಗೆ ಸಿಕ್ಕಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವ ಕಚೇರಿ ಇದ್ದರೆ ಅದನ್ನು ನಂಬಬಹುದು.

ಸಮಿತಿ ಪತ್ರದ ವಿಷಯ ಬೇರೆಯಾಗಿ ಕೇಳಿ. ಕೆಲವು ಕಡೆ ಪ್ರಾಧ್ಯಾಪಕರ ಸಮಿತಿ ಸಂದರ್ಶನ ಮಾಡಿ ವಿಶ್ವವಿದ್ಯಾಲಯದ ಪರವಾಗಿ ಒಂದೇ ಪತ್ರ ಬರೆಯುತ್ತದೆ. ಅದು ಚೆನ್ನಾಗಿದ್ದರೆ ದೊಡ್ಡ ಬಲ. ಆದರೆ ಕನಿಷ್ಠ ಜಿಪಿಎ ಇಲ್ಲದವರಿಗೆ ಪತ್ರವನ್ನೇ ಕೊಡದ ಸಮಿತಿಗಳಿವೆ. ಸಮಿತಿ ಇರುವ ಕಡೆಯಿಂದ ಪತ್ರವಿಲ್ಲದೆ ಅರ್ಜಿ ಹೋದರೆ ಮೆಡಿಕಲ್ ಸ್ಕೂಲು ಯಾಕೆಂದು ಕೇಳುತ್ತದೆ. ಪದವಿ ಮುಗಿಸಿದ ಮೇಲೂ ಪತ್ರ ಕೊಡುತ್ತಾರೆಯೇ ಎನ್ನುವುದೂ ಮುಖ್ಯ, ಏಕೆಂದರೆ ಈಗ ಎಂಡಿ ಸೇರುವವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಡುವು ತೆಗೆದುಕೊಂಡವರು.

ಹಂತ 6: ಆಸ್ಪತ್ರೆ, ಪ್ರಯೋಗಾಲಯ, ಶಿಫಾರಸು

3.79ಕ್ಕಿಂತ ಹೆಚ್ಚಿನ ಜಿಪಿಎ, 517ಕ್ಕಿಂತ ಹೆಚ್ಚಿನ ಎಂಕ್ಯಾಟ್ ಇರುವವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಎಲ್ಲೂ ಸೀಟು ಸಿಗುವುದಿಲ್ಲ. ಅಂಕದ ಆಚೆ ರೋಗಿಗಳ ನಡುವೆ ಕೆಲಸ ಮಾಡಿದ ಅನುಭವ, ಸೇವೆ, ಸಂಶೋಧನೆ ಬೇಕು. ಇಲ್ಲಿ ‘ನಮ್ಮದೇ ಮೆಡಿಕಲ್ ಸ್ಕೂಲಿದೆ’ ಎಂಬುದು ಕೇಳಲು ಚಂದ, ಆದರೆ ಅದೇ ನಿರ್ಣಾಯಕವಲ್ಲ. ಪ್ರಿನ್ಸ್‌ಟನ್‌ಗೆ ಮೆಡಿಕಲ್ ಸ್ಕೂಲೇ ಇಲ್ಲ. ರೈಸ್‌ಗೂ ಇಲ್ಲ, ಆದರೆ ರಸ್ತೆ ದಾಟಿದರೆ ಹ್ಯೂಸ್ಟನ್ನಿನ ಟೆಕ್ಸಸ್ ಮೆಡಿಕಲ್ ಸೆಂಟರ್. ಕಾರಿಲ್ಲದೆ ಬಸ್ಸಿನಲ್ಲಿ 20 ನಿಮಿಷದೊಳಗೆ ಆಸ್ಪತ್ರೆ ಅಥವಾ ಉಚಿತ ಕ್ಲಿನಿಕ್ ತಲುಪಬಹುದೇ, ಸ್ವಯಂಸೇವಕರ ಪಟ್ಟಿಯಲ್ಲಿ ಎಷ್ಟು ತಿಂಗಳು ಕಾಯಬೇಕು, ಮೊದಲ ವರ್ಷದವರನ್ನು ಲ್ಯಾಬಿಗೆ ಸೇರಿಸಿಕೊಳ್ಳುತ್ತಾರೆಯೇ, ಬೇಸಿಗೆ ಸಂಶೋಧನೆಗೆ ಸ್ಟೈಪೆಂಡ್ ಇದೆಯೇ ಎಂದು ನೋಡಿ.

ಶಿಫಾರಸು ಪತ್ರಗಳಲ್ಲಿ ಎರಡಾದರೂ ವಿಜ್ಞಾನದ ಪ್ರಾಧ್ಯಾಪಕರಿಂದ ಬರಬೇಕೆಂದು ಹಲವು ಕಾಲೇಜುಗಳು ಕೇಳುತ್ತವೆ. 400 ಜನರ ಉಪನ್ಯಾಸ ಕೊಠಡಿಯಲ್ಲಿ ನಿಮ್ಮ ಹೆಸರು ಅವರಿಗೆ ಗೊತ್ತಿರುವುದಿಲ್ಲ. ವಿಶ್ವವಿದ್ಯಾಲಯಗಳು ಪ್ರಕಟಿಸುವ ಕಾಮನ್ ಡೇಟಾ ಸೆಟ್‌ನ ಐ ವಿಭಾಗದಲ್ಲಿ ತರಗತಿಗಳ ಗಾತ್ರ ಸಿಗುತ್ತದೆ. ಆದರೆ ಅದು ಎಲ್ಲ ವಿಭಾಗಗಳನ್ನೂ ಸೇರಿಸಿದ ಲೆಕ್ಕ, ನಿಮಗೆ ಬೇಕಾದದ್ದು ಆರ್ಗ್ಯಾನಿಕ್ ತರಗತಿಯ ಗಾತ್ರ.

ಹಂತ 7: ತೂಗುವ ಕ್ರಮ

ಅಂಶಗಳಿಗೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೂಡಿಸುವ ಪಟ್ಟಿಗಳು ಬೇಡ. ಊಟದ ಹಾಲಿಗೂ ಸಾಲಕ್ಕೂ ಒಂದೇ ತೂಕ ಬಂದುಬಿಡುತ್ತದೆ. ಒಂದರ ನಂತರ ಒಂದು ಕೇಳಿ. ದುಬಾರಿ ಆಯ್ಕೆಗೆ ಪದವಿಯಲ್ಲೇ ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲದ ಸುಮಾರು 27,000 ಡಾಲರ್ ಮೀರಿ ಸಾಲ ಬೇಕೇ? ಬೇಕಾದರೆ ಅಗ್ಗದ್ದನ್ನೇ ಆರಿಸಿ, ಅಲ್ಲಿ ಬೇಕಾದ ಕೋರ್ಸುಗಳ ಸೀಟೇ ಸಿಗುವುದಿಲ್ಲ ಎಂಬಂಥ ದೊಡ್ಡ ದೋಷ ಇಲ್ಲದಿದ್ದರೆ. ಹಣ ಸರಿಸುಮಾರು ಸಮವಾದರೆ, ವಿಜ್ಞಾನದ ಅಂಕ ಎಲ್ಲಿ ಸುರಕ್ಷಿತವೋ ಅಲ್ಲಿ. ಅದೂ ಸಮವಾದರೆ ಸಲಹಾ ಕಚೇರಿ ಮತ್ತು ಆಸ್ಪತ್ರೆ. ಇಷ್ಟಾದ ಮೇಲೂ ಸಮವಾದರೆ ಹೆಸರು, ಹವಾಮಾನ, ಗೆಳೆಯರು, ಯಾವುದನ್ನು ಬೇಕಾದರೂ ನೋಡಿಕೊಳ್ಳಿ. ಮನೆಯ ಆದಾಯಕ್ಕೆ ತಕ್ಕಂತೆ ನೆರವು ಬಂದು ಖಾಸಗಿಯೇ ಅಗ್ಗವಾಗುವುದೂ ಉಂಟು. ಅಂಥ ಕಡೆ ಹೆಸರಿಗೆ ಹೆದರಿ ಹಿಂಜರಿಯುವುದೂ ತಪ್ಪೇ.

ನಿರ್ಧಾರವಾದ ಮೇಲೆ ಒಂದೇ ಕಡೆ ಮುಂಗಡ ಕಟ್ಟಿ. ಎರಡೂ ಕಡೆ ಕಟ್ಟುವುದು ನಿಯಮಕ್ಕೆ ವಿರುದ್ಧ, ಮುಂಗಡವೂ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಅದೇ ವಾರ ಹಾಸ್ಟೆಲ್ ಅರ್ಜಿ ಹಾಕಿ. ರಸಾಯನ ಮತ್ತು ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆಯ ದಿನಾಂಕ ತಿಳಿದುಕೊಂಡು ಜೂನ್‌ನಲ್ಲೇ ಓದಲು ಕೂರಿ. ಲಸಿಕೆ ದಾಖಲೆಗಳನ್ನೂ ಟಿಬಿ ಪರೀಕ್ಷೆಯ ವರದಿಯನ್ನೂ ಒಂದು ಕಡತದಲ್ಲಿ ಸೇರಿಸಿಡಿ, ಆಸ್ಪತ್ರೆಯ ಸ್ವಯಂಸೇವಕರ ಅರ್ಜಿ ತಿಂಗಳುಗಟ್ಟಲೆ ತಡವಾಗುವುದು ಹೆಚ್ಚಾಗಿ ಆ ಎರಡು ಕಾಗದಗಳಿಂದ.